ಒತ್ತಿನವನ ಉಸಿರು

ನೀರು ತಿಗಣೆ ಎಂದರೆ ಮೂಗು ಮುರಿಯುವವರೇ ಜಾಸ್ತಿ. ಮುರಿಯಲಿ ಬಿಡಿ, ಅದಕ್ಕೇನೂ ನಷ್ಟವಿಲ್ಲ. ಹೆಬ್ಬೆರಳಿಗಿಂತ ಉದ್ದದ, ಒಣಗಿದ ಎಲೆಯ ಬಣ್ಣದ ಈ ಹುಳು ಕೆರೆಯ ಜೊಂಡಿನಲ್ಲಿ ತಲೆಕೆಳಗಾಗಿ ಕೂತು ಕಪ್ಪೆಮರಿಗೆ ಹೊಂಚು ಹಾಕುತ್ತದೆ. ಕೈಗೇನಾದರೂ ಕಚ್ಚಿತೋ, ಸತ್ತ ಅಜ್ಜಿಯೆಲ್ಲ ನೆನಪಿಗೆ ಬರುತ್ತಾಳೆ. ಮಳೆ ಬಿದ್ದು ಹೊಳವಾದ ಸಂಜೆ ಅದು ಕೆರೆ ಬಿಟ್ಟೆದ್ದು ದೀಪದ ಕಂಬಕ್ಕೆ ಹಾರಿಬರುವಾಗ ದಾರಿಯವರು ಛತ್ರಿ ಅಡ್ಡ ಹಿಡಿದು ಓಡುತ್ತಾರೆ. ಚಿಂತಾಮಣಿಯ ಹೊರಗೆ, ಕೆರೆ ಏರಿಯ ಕೆಳಗೆ ಕಟ್ಟಿದ್ದ ಸ್ನಾಯು ಸಂಶೋಧನಾಲಯದವರು ಮಾತ್ರ ಅದೇ ಕಂಬದ ಬುಡದಲ್ಲಿ ಬಲೆ ಹಿಡಿದು ಕಾಯುತ್ತಿದ್ದರು. ಮನುಷ್ಯರು ಉಸಿರಾಡುವುದಕ್ಕೆ ಈ ಹುಳುವಿನ ಹತ್ತಿರ ಕೈ ಚಾಚಿದ್ದ ಕಾಲ ಅದು.

ಕೈ ಚಾಚುವುದನ್ನು ಕಲಿಸಿದವಳು ಅಲಮೇಲು. ತಿಗಣೆಯ ರೆಕ್ಕೆಯ ಬುಡದಲ್ಲಿರುವ ಮಾಂಸವನ್ನು ನೋಡುವುದರಲ್ಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ಅವಳ ಅಮ್ಮ ಮುನಿಲಕ್ಷ್ಮಮ್ಮ, "ಹುಳ ಬಿಟ್ರೆ ತಾನೇ?" ಎಂದು ಮುಖ ಗಂಟಿಕ್ಕುತ್ತಿದ್ದಳು.

ಅಲಮೇಲು ಕಂಡದ್ದು ಇಷ್ಟು. ಹುಳುವಿನದಾಗಲಿ ಮನುಷ್ಯನದಾಗಲಿ, ಸ್ನಾಯುವಿನೊಳಗೆ ದಪ್ಪ ಎಳೆ, ಸಣ್ಣ ಎಳೆ ಎಂದು ಎರಡು ಬಗೆ. ದಪ್ಪ ಎಳೆಯ ಮೈತುಂಬ ಜೋಡಿ ಜೋಡಿ ತಲೆಗಳು. ನರದಿಂದ ಅಪ್ಪಣೆ ಬಂದಾಗ ಈ ತಲೆಗಳು ಎದ್ದು ಪಕ್ಕದ ಸಣ್ಣ ಎಳೆಯನ್ನು ಹಿಡಿದು ಎಳೆಯುತ್ತವೆ. ಸ್ನಾಯು ಬಿಗಿಯುವುದೆಂದರೆ ಅದೇ. ಅಪ್ಪಣೆ ನಿಂತಾಗ ಜೋಡಿ ತಲೆಗಳು ಒಂದಕ್ಕೊಂದು ಒರಗಿ, ಮಡಿಚಿಕೊಂಡು ಮಲಗುತ್ತವೆ. ಜೇಡದಲ್ಲಿ, ಮೀನಿನಲ್ಲಿ, ಮನುಷ್ಯನಲ್ಲಿ ಅವು ಎಳೆಯ ಉದ್ದಕ್ಕೆ ಮಲಗಿದರೆ ನೀರು ತಿಗಣೆಯಲ್ಲಿ ಮಾತ್ರ ಅಡ್ಡಡ್ಡ ಮಲಗುತ್ತವೆ. ಎಳೆಗಳನ್ನು ಕಣ್ಣು ಮಿಟುಕಿಸುವುದರೊಳಗೆ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಲಕ್ಷಗಟ್ಟಲೆ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಅವಳಿಗೆ ತಿಳಿಯಿತು: ಹೀಗೆ ಅಡ್ಡ ಮಲಗಿದ ತಲೆಗಳ ನಿದ್ದೆ ಬಹಳ ತೆಳು. ನರ ಆಗೊಂದು ಈಗೊಂದು ಅಪ್ಪಣೆ ಕೊಟ್ಟಿದ್ದರೆ ಸಾಕು, ಆಮೇಲೆ ಸ್ನಾಯುವನ್ನು ಹಿಗ್ಗಿಸಿದಾಗಲೆಲ್ಲ ಅವು ತಾವಾಗಿ ಎದ್ದು ಎಳೆಯುತ್ತವೆ. ತಿಗಣೆಯ ಎದೆಯಲ್ಲಿ ಇಂಥ ಸ್ನಾಯುಗಳು ಎದುರುಬದುರು ಇವೆ. ಒಂದು ಬಿಗಿದರೆ ಇನ್ನೊಂದು ಹಿಗ್ಗುತ್ತದೆ, ಹಿಗ್ಗಿದ್ದು ಬಿಗಿಯುತ್ತದೆ, ಮೊದಲಿನದು ಹಿಗ್ಗುತ್ತದೆ. ಮಜ್ಜಿಗೆ ಕಡೆಯುವ ಹಗ್ಗದ ಎರಡು ತುದಿಗಳ ಹಾಗೆ.

ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಅಗಲವಾದ ಸ್ನಾಯುವಿದೆ. ಉಸಿರು ಎಳೆಯುವುದು ಅದೇ. ಆ ವರ್ಷಗಳಲ್ಲಿ ವಪೆಗೆ ಹೋಗುವ ನರ ಒಣಗುವ ರೋಗವೊಂದು ಬಯಲುಸೀಮೆಯ ಊರುಗಳಲ್ಲಿ ಕಾಣಿಸಿಕೊಂಡಿತ್ತು. ಕೈಕಾಲು ಗಟ್ಟಿಯಾಗಿರುತ್ತಿದ್ದವು, ಮಾತು ಸರಿಯಾಗಿರುತ್ತಿತ್ತು, ಉಸಿರು ಮಾತ್ರ ದಿನದಿನಕ್ಕೆ ಗಿಡ್ಡವಾಗುತ್ತ ಹೋಗುತ್ತಿತ್ತು. ನರದಿಂದ ಹತ್ತು ಅಪ್ಪಣೆ ಹೊರಟರೆ ವಪೆಗೆ ಮುಟ್ಟುತ್ತಿದ್ದುದು ಒಂದೋ ಎರಡೋ. ಆ ಒಂದೆರಡರಲ್ಲೇ ಸಂಸಾರ ತೂಗಿಸುವ ಎಳೆ ತಿಗಣೆಯ ಬಳಿ ಇದೆಯಲ್ಲ ಎಂದು ಅಲಮೇಲು ಹೊರಟಳು. ತಿಗಣೆಯ ಎಳೆಯನ್ನು ಹೆಣೆಯುವ ವಿದ್ಯೆಯನ್ನು ರೋಗಿಯ ವಪೆಗೆ ಕಲಿಸುವ ಆ ಚಿಕಿತ್ಸೆಗೆ ಎಳೆಕಸಿ ಎಂದು ಹೆಸರಾಯಿತು. ಉಸಿರು ಬಿಟ್ಟಾಗ ವಪೆ ಮೇಲಕ್ಕೆ ಹಿಗ್ಗುತ್ತದೆ. ಹಿಗ್ಗಿದ್ದಕ್ಕೇ ಅದು ತಾನಾಗಿ ಬಿಗಿದು ಮುಂದಿನ ಉಸಿರನ್ನು ಎಳೆದುಕೊಳ್ಳುತ್ತದೆ. ಗಂಟಲಿಗೆ ತೂತು ಕೊರೆಸಿಕೊಂಡು ಯಂತ್ರಕ್ಕೆ ಕಟ್ಟಿಬಿದ್ದಿದ್ದವರು ಎದ್ದು ಓಡಾಡಿದರು, ಸಂತೆಗೆ ಹೋದರು, ಹೆಂಡತಿಯ ಜೊತೆ ಜಗಳಕ್ಕೂ ನಿಂತರು.

ಆ ಸಂತೋಷ ಮನೆಯಲ್ಲಿ ಇನ್ನೂ ಆರಿರಲಿಲ್ಲ, ರೋಗ ಅಲಮೇಲುವಿನ ಅಪ್ಪನಿಗೇ ಬಂತು.

ರವಣಪ್ಪ ವಾಲಗದ ಮೇಳದಲ್ಲಿ ಒತ್ತು ಊದುತ್ತಿದ್ದವನು. ಒತ್ತು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನೋಡಲು ನಾಗಸ್ವರದ ತಮ್ಮ. ರಾಗವಿಲ್ಲ, ಬೆರಳಾಟವಿಲ್ಲ, ಒಂದೇ ಸ್ವರ. ನಾಗಸ್ವರದವನು ರಾಗ ಬಿಡಿಸುತ್ತಿರುವಷ್ಟು ಹೊತ್ತೂ ಪಕ್ಕದಲ್ಲಿ ಕೂತು ಆ ಒಂದು ಸ್ವರವನ್ನು ಹಿಡಿದಿರುವುದೇ ಒತ್ತಿನವನ ಕೆಲಸ. ಅದು ಎಲ್ಲೂ ಕಡಿಯಬಾರದು. ಗಟ್ಟಿಮೇಳದ ಹೊತ್ತಿನಲ್ಲಿ ಒತ್ತು ಕಡಿದರೆ ಹೆಣ್ಣಿನ ಕಡೆಯವರು ಎದ್ದು ನಿಂತು ಜಗಳ ತೆಗೆಯುತ್ತಿದ್ದ ಕಾಲವಿತ್ತು. ಹಾಗಾದರೆ ಒತ್ತಿನವನು ಉಸಿರಾಡುವುದು ಯಾವಾಗ? ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಊದುತ್ತಿರುವಾಗಲೇ ಮೂಗಿನಿಂದ ಚೂರೇ ಚೂರು ಎಳೆದುಕೊಳ್ಳಬೇಕು. ಎದೆ ಬರಿದಾಗಲು ಬಿಡುವ ಹಾಗೇ ಇಲ್ಲ. ಕೊನೆಯಲ್ಲೂ ಒಂದು ಪದ್ಧತಿ. ನಾಗಸ್ವರದವನು ಮುಗಿಸಿ ವಾದ್ಯವನ್ನು ಕೆಳಗಿಟ್ಟ ಮೇಲೆ ಒತ್ತಿನವನು ಇನ್ನೊಂದು ಉಸಿರು ಹೆಚ್ಚಿಗೆ ಹಿಡಿದು ಆಮೇಲೆ ನಿಲ್ಲಿಸಬೇಕು. ಮೊದಲು ಬಂದವನೂ ಅವನೇ, ಕೊನೆಗೆ ಹೋಗುವವನೂ ಅವನೇ.

ಕರೆಂಟಿನ ಶ್ರುತಿಪೆಟ್ಟಿಗೆ ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾದರು. ಆದರೂ ದಿನಾ ಬೆಳಿಗ್ಗೆ ಒತ್ತನ್ನು ಬಟ್ಟೆಚೀಲದಿಂದ ತೆಗೆದು ಒಂದು ಗಳಿಗೆ ಹಿಡಿಯದೆ ಅವನು ಕಾಫಿ ಕುಡಿದವನಲ್ಲ.

ರೋಗವೆಂದು ತಿಳಿದ ದಿನ ಅವನು ಕೇಳಿದ್ದು ಒಂದೇ ಮಾತು.

"ಗಂಟ್ಲು ಕೊರೀತಾರೇನಮ್ಮಾ?"

"ಇಲ್ಲಪ್ಪಾ. ನಿಂಗೆ ಎಳೆಕಸಿ ಮಾಡ್ಸೋಣ."

"ಕೊರೆದ್ರೆ ನಾನು ಊದೋದು ಎಲ್ಲಿಂದ? ಅದೊಂದು ಬೇಡ. ಅದಕ್ಕಿಂತ ಹಂಗೇ ಹೋಗ್ತೀನಿ."

ಸ್ವಂತ ಅಪ್ಪನ ಚಿಕಿತ್ಸೆಗೆ ಅಲಮೇಲು ಕೈ ಹಾಕುವಂತಿರಲಿಲ್ಲ. ಅವಳ ಗೆಳತಿ ಡಾಕ್ಟರ್ ಸಬೀಹಾ ಎಲ್ಲವನ್ನೂ ತಾನೇ ವಹಿಸಿಕೊಂಡಳು. ಕಸಿ ಆಯಿತು, ಹೊಸ ಎಳೆಗಳು ಕೂಡಿಕೊಂಡವು, ಅಲ್ಲಿಯವರೆಗೆ ಮುಖಕ್ಕೆ ಕಟ್ಟಿದ್ದ ಉಸಿರಿನ ಯಂತ್ರ ತೆಗೆದರು. ಸಬೀಹಾ ಮಂಚದ ಪಕ್ಕ ನಿಂತು, "ಪೂರ್ತಿ ಬಿಡಿ ರವಣಪ್ಪನೋರೇ, ಇನ್ನೂ ಬಿಡಿ, ಈಗ ಎಳ್ಕೊಳ್ಳಿ" ಎಂದಾಗಲೆಲ್ಲ ವಪೆ ಹೇಳಿ ಮಾಡಿಸಿದ ಹಾಗೆ ಕೆಲಸ ಮಾಡಿತು. ಗಾಜಿನ ಆಚೆ ನಿಂತಿದ್ದ ಅಲಮೇಲು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ರವಣಪ್ಪ ಮನೆಗೆ ಬಂದ ನಾಲ್ಕೈದು ದಿನಕ್ಕೆ, ಸಂಶೋಧನಾಲಯದಲ್ಲಿದ್ದ ಅಲಮೇಲುವಿಗೆ ಮುನಿಲಕ್ಷ್ಮಮ್ಮನ ಫೋನು ಬಂತು.

"ಊಟ ಮಾಡಿ ಮಲಗಿದ್ರು ಕಣಮ್ಮಾ. ನಾನು ಅವರೆಕಾಳು ಹಿಸುಕ್ತಾ ಕೂತಿದ್ದೆ. ಯಾಕೋ ನೋಡ್ತೀನಿ, ಎದೆ ಆಡ್ತಾನೇ ಇಲ್ಲ. ಪಕ್ಕೆಗೆ ಅಮುಕಿ ಅಲ್ಲಾಡಿಸಿದ ಮೇಲೆ ಸರಕ್ಕಂತ ಎಳ್ಕೊಂಡ್ರು. ಈಗ ಎದ್ದು ಕಾಫಿ ಕೇಳ್ತಾವ್ರೆ. ನಂಗೆ ಕೈಕಾಲೇ ಬಿದ್ದೋಗೈತೆ."

ಆಸ್ಪತ್ರೆಗೆ ಕರೆತಂದು ನೋಡಿದರೆ ಎಲ್ಲ ಸರಿಯಾಗಿತ್ತು. ಮನೆಗೆ ಕಳಿಸಿದರೆ ಮತ್ತೆ ಅದೇ ಕಥೆ. ಒಮ್ಮೆ ಜಗಲಿಯಲ್ಲಿ ಸುಮ್ಮನೆ ಬೀದಿ ನೋಡುತ್ತ ಕೂತಿದ್ದಾಗಲೇ ನಿಂತುಹೋಯಿತು. ಕಸಿ ಮಾಡಿಸಿಕೊಂಡ ಬೇರೆ ಯಾರಿಗೂ ಹೀಗಾಗಿರಲಿಲ್ಲ.

ಕೊನೆಗೆ ಸಬೀಹಾ ಅವನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಎದೆಗೆ ಉಸಿರು ಅಳೆಯುವ ಪಟ್ಟಿ ಕಟ್ಟಿ, ಯಾರೂ ಏನೂ ಹೇಳದ ಹಾಗೆ ಹಗಲೆಲ್ಲ ಬಿಟ್ಟಳು. ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಅವಳೂ ಅಲಮೇಲುವೂ ಕೂತರು. ಉಳಿದ ರೋಗಿಗಳ ಉಸಿರಿನ ಗೆರೆ ಏರಿ ಪೂರ್ತಿ ಇಳಿದು ಮತ್ತೆ ಏರುತ್ತಿತ್ತು. ರವಣಪ್ಪನ ಗೆರೆ ಮಧ್ಯಾಹ್ನ ಕಣ್ಣು ಮುಚ್ಚುವ ತನಕ ಹಾಗೇ ಇತ್ತು. ಆಮೇಲೆ ನಿಧಾನಕ್ಕೆ ಬದಲಾಯಿತು. ಅರ್ಧಕ್ಕಿಂತ ಕೆಳಗೆ ಇಳಿಯದೆ, ಮೇಲೆ ಮೇಲೆಯೇ ಚೂರು ಚೂರು ಆಡತೊಡಗಿತು. ಬರಬರುತ್ತ ಸಪಾಟಾಯಿತು. ಸಬೀಹಾ ಎದ್ದು ಓಡಿದಳು.

ಅಲಮೇಲು ಏಳಲಿಲ್ಲ. ಆ ಗೆರೆಯನ್ನು ಅವಳು ಹುಟ್ಟಿದಾಗಿನಿಂದ ಬಲ್ಲಳು. ಮದುವೆಮನೆಗಳ ಚಪ್ಪರದಲ್ಲಿ ಅಪ್ಪನ ಬೆನ್ನಿಗೆ ಒರಗಿ ನಿದ್ದೆ ಮಾಡುತ್ತಿದ್ದ ಕೂಸು ಅವಳು. ಅಪ್ಪನ ಬೆನ್ನು ಹೀಗೆಯೇ, ಚೂರು ಚೂರೇ ಆಡುತ್ತಿತ್ತು.

"ಅಪ್ಪ ಎದೆ ಬರಿದು ಮಾಡ್ತಾ ಇಲ್ಲ ಸಬೀಹಾ," ಎಂದಳು, ಗೆಳತಿ ಅವನ ಪಕ್ಕೆ ಅಮುಕಿ ಉಸಿರು ಹಿಡಿಸಿ ತಿರುಗಿ ಬಂದ ಮೇಲೆ. "ನೀನು ಬಿಡಿ ಅಂದಾಗ ಬಿಡ್ತಾರೆ. ಡಾಕ್ಟ್ರ ಮಾತಲ್ವಾ? ಮೈಮರೆತ ಕೂಡ್ಲೇ ಒತ್ತಿನ ಉಸಿರು ಬಂದ್ಬಿಡತ್ತೆ. ವಪೆ ಪೂರ್ತಿ ಹಿಗ್ಗೋದೇ ಇಲ್ಲ. ಹಿಗ್ಗದೇ ಇದ್ರೆ ತಲೆಗಳು ಏಳೋದು ಹೇಗೆ? ಮಲಗೇ ಬಿಡ್ತವೆ."

"ಮೊದಲಿನ ಎಳೆಯಲ್ಲಿ ಇದು ನಡೀತಿತ್ತು."

"ನಡೀತಿತ್ತು. ಚೂರು ಎಳೆಯೋಕೂ ನರ ಅಪ್ಪಣೆ ಕೊಡ್ತಿತ್ತು. ನಾನು ಹಾಕಿರೋ ಎಳೆಗೆ ಹಾಗೆ ಬರಲ್ಲ. ಈ ಎಳೆ ಎಲ್ಲರಿಗೂ ಆಗತ್ತೆ ಅಂದ್ಕೊಂಡೆ. ನಮ್ಮಪ್ಪ ಹೇಗೆ ಉಸಿರಾಡ್ತಾರೆ ಅನ್ನೋದೇ ನಂಗೆ ಹೊಳೀಲಿಲ್ಲ ನೋಡು."

ಸಬೀಹಾ ಕುರ್ಚಿ ಎಳೆದುಕೊಂಡು ಕೂತಳು. "ಬೈಕೋಬೇಡ. ಆದ್ರೆ ಒಂದ್ ಮಾತು. ಉಸಿರು ಹೀಗೆ ನಿಲ್ತಾ ಇದ್ರೆ ನಾನು ಸುಮ್ನಿರೋಕಾಗಲ್ಲ. ಒಂದು ತಿಂಗಳು ನೋಡ್ತೀನಿ. ಆಮೇಲೆ ಗಂಟಲು ಕೊರೆದು ಯಂತ್ರ ಹಾಕಲೇಬೇಕು. ಅವರಿಗೆ ನೀನೇ ಹೇಳು."

ಮನೆಗೆ ಕರೆತಂದು ಹೇಳಿದಳು. ರವಣಪ್ಪ ಎಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿದ.

"ಪೂರ್ತಿ ಬಿಡು ಅಂತೀಯ. ಎಚ್ಚರ ಇದ್ದಾಗ ಬಿಡ್ತೀನಮ್ಮಾ. ಮರೆತಾಗ ಏನ್ ಮಾಡ್ಲಿ? ಬಿಟ್ರೆ ಕಡಿದೋಗತ್ತೆ ಅಂತ ಒಳಗೆ ಯಾರೋ ಹಿಡ್ಕೊಂಡಂಗಾಗತ್ತೆ. ಕೂಸಿದ್ದಾಗ ಕಡಿದು ಕಡಿದು ನಮ್ಮಪ್ಪನ ಕೈಲಿ ಏಟು ತಿಂದು ಕಲ್ತಿದ್ದು."

"ಈಗ ಕಡಿದ್ರೆ ಯಾರು ಬೈತಾರಪ್ಪಾ? ಮೇಳಾನೇ ಇಲ್ಲ."

"ಮೇಳ ಇಲ್ದಿದ್ರೇನು? ಅಭ್ಯಾಸಕ್ಕೆ ಅದೆಲ್ಲಾ ಗೊತ್ತಾಗತ್ತಾ?"

ಸಬೀಹಾ ಒಂದು ಉಪಾಯ ಹೇಳಿದ್ದಳು: ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಮಲಗಿಸಿದರೆ ಸ್ವರ ನಡೆಯುತ್ತಲೇ ಇದೆಯೆಂದು ಮೈ ನಂಬೀತು, ಉಸಿರು ಬಿಟ್ಟೀತು. ಅಲಮೇಲು ಪೆಟ್ಟಿಗೆ ತಂದಳು. ಎದೆ ಇಳಿಯಲಿಲ್ಲ. ರವಣಪ್ಪ ಎದ್ದು ಪೆಟ್ಟಿಗೆಯನ್ನು ಆ ಕಡೆ ತಳ್ಳಿದ.

"ಅದಕ್ಕೆ ಉಸಿರೇ ಇಲ್ಲ. ಉಸಿರಿಲ್ಲದ್ದನ್ನ ನಂಬ್ಕೊಂಡು ನಾನು ಹೆಂಗಮ್ಮಾ ಬಿಡ್ಲಿ?"

ಅಮ್ಮ ಒಳಗೆ ಸೆರಗು ಬಾಯಿಗಿಟ್ಟುಕೊಂಡು ಅಳುವುದು ಕೇಳಿಸಿತು. ಈ ಕೆಲವು ವಾರಗಳಲ್ಲಿ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಗಂಡನ ಪಕ್ಕೆಯ ಮೇಲೆ ಕೈಯಿಟ್ಟೇ ಕೂತಿರುತ್ತಿದ್ದಳು, ನಿಂತಾಗ ಅಮುಕುವುದಕ್ಕೆ. ಲೋಕಕ್ಕೆಲ್ಲ ಉಸಿರು ಕೊಟ್ಟೆನೆಂದು ಬೀಗುತ್ತಿದ್ದವಳ ಮನೆಯಲ್ಲಿ ಉಸಿರು ನಡೆಯುತ್ತಿದ್ದುದು ಅಮ್ಮನ ಅಂಗೈಯಿಂದ.

ತಿಗಣೆಯ ಎದೆಯಲ್ಲೂ ಒಂದೇ ಸ್ನಾಯು ಇದ್ದಿದ್ದರೆ ಅದು ಹಾರುತ್ತಿರಲಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು. ಎದುರಿಗೆ ಇನ್ನೊಂದು ಬೇಕು. ಅದು ಎಳೆಯುತ್ತಿದ್ದರೆ ಮಾತ್ರ ಇದು ಧೈರ್ಯವಾಗಿ ಹಿಗ್ಗೀತು.

ಮೊಳೆಗೆ ನೇತುಹಾಕಿದ್ದ ಬಟ್ಟೆಚೀಲದಿಂದ ಅವಳು ಒತ್ತನ್ನು ತೆಗೆದಳು. ರವಣಪ್ಪ ಗಾಬರಿಯಿಂದ ನೋಡಿದ. ಆ ಮನೆಯಲ್ಲಿ ಹೆಣ್ಣುಮಕ್ಕಳು ಒತ್ತು ಮುಟ್ಟಿದ್ದೇ ಇಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿದ್ದಲ್ಲ, ಮುಟ್ಟು ಎಂದೂ ಯಾರೂ ಹೇಳಿರಲಿಲ್ಲ.

"ಅಟ್ಟದ ಮೇಲೆ ತಾತನ ಒತ್ತು ಇದೆಯಲ್ವಾ ಅಪ್ಪಾ? ಅದನ್ನ ನೀನು ತಗೋ. ಇದು ನಂಗಿರಲಿ. ನಂಗೆ ಮೂಗಲ್ಲಿ ಎಳೆಯೋದು ಬರಲ್ಲ. ನಂದು ಒಂದು ಉಸಿರಿಗೆ ಮುಗೀತದೆ. ನನ್ನ ಉಸಿರು ಮುಗಿಯೋಕೆ ಮುಂಚೆ ನೀನು ಹಿಡಿ. ನೀನು ಬಿಡುವಾಗ ನಾನು ಹಿಡೀತೀನಿ."

"ಇದ್ಯಾವ ಪದ್ಧತೀನಮ್ಮಾ?"

"ತಿಗಣೆ ಪದ್ಧತಿ," ಎಂದಳು ಅಲಮೇಲು. ಅಪ್ಪ ಎಷ್ಟೋ ದಿನದ ಮೇಲೆ ನಕ್ಕ.

ಮೊದಲ ದಿನ ಅವಳ ಬಾಯಿಂದ ಬಂದದ್ದು ಎಮ್ಮೆ ಕರು ಒದರಿದ ಶಬ್ದ. ಪಕ್ಕದ ಮನೆಯವರು ಇಣುಕಿ ನೋಡಿ ಹೋದರು. ರವಣಪ್ಪ ಒತ್ತಿನ ತುದಿಯ ಪೀಪಿಯನ್ನು ತುಟಿಯಲ್ಲಿ ಹೇಗೆ ಹಿಡಿಯಬೇಕೆಂದು ತೋರಿಸಿದ, ಬೈದ, ಮತ್ತೆ ತೋರಿಸಿದ. ಒಂದು ವಾರಕ್ಕೆ ಸ್ವರ ಅಲುಗದೆ ನಿಂತಿತು. ಅವಳ ಉಸಿರು ಮುಗಿಯುತ್ತ ಬಂದಾಗ ಕಣ್ಣು ಅಗಲವಾಗುತ್ತಿತ್ತು, ಅದನ್ನು ನೋಡಿ ಅವನು ಹಿಡಿಯುತ್ತಿದ್ದ. ಅವಳು ಎಳೆದುಕೊಂಡು ತಿರುಗಿ ಹಿಡಿದಾಗ ಬಿಡಬೇಕಾಗಿದ್ದವನು ಬಿಡುತ್ತಿರಲಿಲ್ಲ. ಅಭ್ಯಾಸದಂತೆ ಮೂಗಿನಿಂದ ಎಳೆದು ಮುಂದುವರಿಸಿಬಿಡುತ್ತಿದ್ದ. ಅವಳು ತನ್ನ ಸ್ವರವನ್ನು ಅವನ ಸ್ವರದ ಮೇಲೆ ಇಟ್ಟುಕೊಂಡೇ ಕಣ್ಣಲ್ಲಿ ಬೇಡಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಬಿಟ್ಟ. ಪೀಪಿ ತುಟಿಯಿಂದ ಜಾರಿತು, ಎದೆಯಲ್ಲಿದ್ದ ಗಾಳಿಯೆಲ್ಲ ಸುಯ್ಯೆಂದು ಹೊರಗೆ ಹೋಯಿತು. ಕೋಣೆಯಲ್ಲಿ ಸ್ವರ ಹಾಗೇ ಇತ್ತು. ಮಗಳು ಹಿಡಿದಿದ್ದಳು. ಅವನ ಹೊಟ್ಟೆ ಒಳಕ್ಕೆ ಹೋಗಿ, ಪಕ್ಕೆಗಳು ಇಳಿದು, ತಾನಾಗಿಯೇ, ಯಾರ ಅಪ್ಪಣೆಗೂ ಕಾಯದೆ, ಎದೆ ತುಂಬ ಉಸಿರು ಬಂತು. ರವಣಪ್ಪನ ಕಣ್ಣಲ್ಲಿ ನೀರು ಬಂತು. ನಲವತ್ತು ವರ್ಷ ಒತ್ತು ಹಿಡಿದವನು ಒಮ್ಮೆಯಾದರೂ ತನ್ನ ಒತ್ತಿನ ಸ್ವರವನ್ನು ಹೊರಗೆ ಕೂತು ಕೇಳಿರಲಿಲ್ಲ.

"ಹಿಂಗಿರ್ತದಾ ಇದು?" ಎಂದ.

ತಿಂಗಳು ತುಂಬಿದ ದಿನ ಸಬೀಹಾ ಮನೆಗೇ ಬಂದು ಪಟ್ಟಿ ಕಟ್ಟಿದಳು. ರವಣಪ್ಪ ಊಟ ಮಾಡಿ ಮಲಗಿದ. ಅಲಮೇಲು ಪಕ್ಕದಲ್ಲಿ ಕೂತು ಹಿಡಿದಳು, ಅವಳು ಉಸಿರು ತೆಗೆದುಕೊಳ್ಳುವಾಗ ಮುನಿಲಕ್ಷ್ಮಮ್ಮ ಅವರೆಕಾಳು ಹಿಸುಕುತ್ತಲೇ ಆ ಸ್ವರವನ್ನು ಗುಂಯ್ಗುಟ್ಟಿದಳು. ಗೆರೆ ಪೂರ್ತಿ ಇಳಿದು ಏರಿತು, ಇಳಿದು ಏರಿತು. ಸಬೀಹಾ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಮುನಿಲಕ್ಷ್ಮಮ್ಮ ಕೊಟ್ಟ ಹಿತಕವರೆ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡು ಹೋದಳು. ಗಂಟಲು ಕೊರೆಯುವ ಮಾತು ಸದ್ಯಕ್ಕೆ ನಿಂತಿತು. ಬರಬರುತ್ತ ನಿದ್ದೆಗೆ ಒತ್ತೂ ಬೇಕಾಗಲಿಲ್ಲ. ಬೆಳಗಿನ ಅಭ್ಯಾಸ ಮಾತ್ರ ಇಬ್ಬರೂ ಬಿಡಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಎಳೆಕಸಿ ನರವನ್ನು ಉಳಿಸುವ ಮದ್ದಲ್ಲವೆಂದು ಅಲಮೇಲುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿಗಣೆಗೂ ಆಗೊಂದು ಈಗೊಂದು ಅಪ್ಪಣೆ ಬೇಕೇ ಬೇಕು. ರವಣಪ್ಪನ ನರದಲ್ಲಿ ಅದೂ ಬತ್ತುತ್ತ ಬಂತು. ಸಬೀಹಾ ಯಂತ್ರದ ಮಾತು ಎತ್ತಿದಾಗ ಅವನು ಬೇಡವೆಂದು ಕೈ ಮುಗಿದ. ತಾಯಿ ಮಗಳು ಇಬ್ಬರೂ ಅತ್ತು, ಬೇಡಿ, ಕೊನೆಗೆ ಒಪ್ಪಿಕೊಂಡರು.

ಅದು ಮತ್ತೆ ಅವರೆಯ ಕಾಲದ ಒಂದು ಬೆಳಿಗ್ಗೆ. ಒತ್ತು ಎತ್ತುವ ಶಕ್ತಿ ಅವನಿಗಿರಲಿಲ್ಲ. ಗೋಡೆಗೆ ಒರಗಿ ಕೂರಿಸಿದ್ದರು.

"ಹಿಡ್ಕೊಳ್ಳಮ್ಮಾ," ಎಂದ.

ಅಲಮೇಲು ಹಿಡಿದಳು. ಈಗ ಅವಳಿಗೆ ಮೂಗಿನಿಂದ ಎಳೆಯುವುದು ಬರುತ್ತಿತ್ತು. ಅವನೇ ಕಲಿಸಿದ್ದ, ಏಟು ಕೊಡದೆ. ಅವನು ಕಣ್ಣು ಮುಚ್ಚಿದ. ಎದೆ ಪೂರ್ತಿ ಇಳಿಯಿತು, ತುಂಬಿಕೊಂಡಿತು. ಇಳಿಯಿತು, ಸ್ವಲ್ಪ ತಡೆದು ತುಂಬಿಕೊಂಡಿತು. ಮತ್ತೆ ಇಳಿಯಿತು. ಅಲಮೇಲು ಅವನ ಪಕ್ಕೆಗಳನ್ನೇ ನೋಡುತ್ತ ಹಿಡಿದಿದ್ದಳು. ಎಳೆ ಹಿಗ್ಗಿದೆ, ಇನ್ನು ತಲೆಗಳು ಏಳಬೇಕು ಎಂದು ಅವಳೊಳಗಿನ ವಿಜ್ಞಾನಿ ಕಾಯುತ್ತಿದ್ದಳು. ಮಗಳೂ ಕಾಯುತ್ತಿದ್ದಳು. ಮುನಿಲಕ್ಷ್ಮಮ್ಮ ಅವರೆಕಾಳಿನ ಬಟ್ಟಲನ್ನು ಕೆಳಗಿಟ್ಟು ಬಂದು ಗಂಡನ ಪಕ್ಕೆಯ ಮೇಲೆ ಕೈಯಿಟ್ಟಳು. ಅಮುಕಲಿಲ್ಲ, ಸುಮ್ಮನೆ ಇಟ್ಟುಕೊಂಡಳು. ಆಮೇಲೆ ಮಗಳ ಕಡೆ ತಿರುಗಿದಳು.

"ಅವ್ರು ಮುಗಿಸಿದ್ರು ಕಣಮ್ಮಾ. ನೀನೂ ಬಿಡು."

ಅಲಮೇಲು ಕೂಡಲೇ ಬಿಡಲಿಲ್ಲ. ಪದ್ಧತಿಯಂತೆ ಇನ್ನೊಂದು ಉಸಿರು ಹೆಚ್ಚಿಗೆ ಹಿಡಿದಳು. ಆಮೇಲೆ ಪೀಪಿಯನ್ನು ತುಟಿಯಿಂದ ತೆಗೆದು, ಎದೆಯಲ್ಲಿ ಏನೂ ಉಳಿಯದ ಹಾಗೆ ಪೂರ್ತಿ ಉಸಿರು ಬಿಟ್ಟಳು.